ಬೆಟ್ಟಕ್ಕೆ ಅಂತ ನಾನೇ ಆರಿಸಿದ ಗಾಡಿ

ಬೆಟ್ಟ ಹತ್ತೋಕೆ ಯಾವ ಗಾಡಿ ಒಳ್ಳೇದು ಅಂತ ನಮ್ಮ ಮನೇಲಿ ಯಾರೂ ನನ್ನ ಕೇಳಲ್ಲ. ಕೇಳಿದ್ರೆ ಹೇಳಬಲ್ಲೆ. ಮೂರು ಗಾಡಿ ಹತ್ತಿಸಿ, ಬೀಳಿಸಿ, ಮಂಡಿ ತರಚಿಸ್ಕೊಂಡು ಆರಿಸಿದವಳು ನಾನು. ಆರಿಸಿದ್ದೂ ಸರಿಯಾಗೇ ಆರಿಸಿದೆ. ಅದೇ ನನ್ನ ಕರ್ಮ. ತಪ್ಪು ಗಾಡಿ ತಂದಿದ್ರೆ "ಹೆಂಗಸಿಗೇನು ಗೊತ್ತು ಗಾಡಿ ವಿಷ್ಯ" ಅಂತ ನಾಲ್ಕು ದಿನ ಬೈಸ್ಕೊಂಡು ಮರೆತುಬಿಡ್ತಿದ್ದೆ. ಈಗ್ಲೂ ಆ ಥರದ ಹಳೇ ಗಾಡಿ ಪಕ್ಕದ ಬೀದೀಲಿ ಹೋದ್ರೆ ಸಾಕು, ಒಲೆ ಮೇಲೆ ಏನಿದ್ರೂ ಕೆಳಗಿಳಿಸಿ ಬಾಗಿಲಿಗೆ ಬಂದು ನಿಂತುಬಿಡ್ತೀನಿ.

ಎಪ್ಪತ್ತರ ದಶಕ ಮುಗೀತಾ ಬಂದಿದ್ದ ಕಾಲ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳೀಲಿ ಸರ್ಕಾರಿ ನರ್ಸು, ಜನರ ಬಾಯಲ್ಲಿ ನರ್ಸಮ್ಮ. ನಮ್ಮ ಯಜಮಾನರು ಅದೇ ಊರಿನ ಪ್ರೈಮರಿ ಸ್ಕೂಲಿಗೆ ಇದ್ದ ಒಬ್ಬರೇ ಮೇಷ್ಟ್ರು. ನನ್ನ ಪಾಲಿಗೆ ಏಳು ಹಳ್ಳಿ. ಆರು ಹಳ್ಳಿ ಕೆಳಗೆ, ಕಾಲು ಗಟ್ಟಿ ಇದ್ರೆ ನಡೆದು ಮುಟ್ಟಬಹುದು. ಏಳನೇದು ಬೆಟ್ಟದ ಮೇಲೆ. ಶ್ರೀನಿವಾಸಪುರದ ಕಡೆಗೆ ಟಾರು ರೋಡಲ್ಲಿ ನಾಲ್ಕು ಮೈಲಿ ಹೋಗಿ, ಮಾವಿನ ತೋಪು ದಾಟಿ, ಅಲ್ಲಿಂದ ಮೂರು ಮೈಲಿ ಬಂಡಿ ಜಾಡು. ಜಾಡು ಅನ್ನೋದು ಮರ್ಯಾದೆಗೆ ಅಷ್ಟೆ. ಗುಂಡುಕಲ್ಲು, ಜಾರುಮಣ್ಣು, ಮಳೆ ನೀರು ಕೊರೆದ ಕಾಲುವೆ. ಮೇಲೆ ಮೂವತ್ತು ಮನೆ, ರಾಗಿ, ಹುರುಳಿ, ಕುರಿ. ಮಾತು ಮುಕ್ಕಾಲು ಪಾಲು ತೆಲುಗು. ನನಗೇನೂ ಕಷ್ಟ ಇರ್ಲಿಲ್ಲ, ಕೋಲಾರದವಳು ನಾನು, ಅಮ್ಮನ ಹತ್ರ ಕನ್ನಡ ಅಜ್ಜಿ ಹತ್ರ ತೆಲುಗು ಮಾತಾಡ್ಕೊಂಡೇ ಬೆಳೆದವಳು.

ಆ ಊರಲ್ಲಿ ಒಬ್ಬಳು ಸೊಸೆ ಇದ್ದಳು. ಹೋಳೂರು ಕಡೆ ಹುಡುಗಿ, ಇಪ್ಪತ್ತು ತುಂಬಿರಲಿಲ್ಲ. ಇಡೀ ಬೆಟ್ಟದಲ್ಲಿ ನನ್ನ ನರ್ಸಮ್ಮ ಅನ್ನದೆ ಅಕ್ಕ ಅಂದವಳು ಅವಳೊಬ್ಬಳೇ. ಚೊಚ್ಚಲ ಹೆರಿಗೆಗೆ ನೋವು ಶುರುವಾಗಿದೆ ಅಂತ ಬೆಳಗ್ಗೆ ಹೇಳಿಕಳಿಸಿದ್ರು. ಪೆಟ್ಟಿಗೆ ಹೊತ್ಕೊಂಡು ಓಡಿದೆ, ನಡೆದೆ, ಕೂತೆ, ಮತ್ತೆ ನಡೆದೆ. ಮೇಲೆ ಮುಟ್ಟುವಾಗ ಸೂರ್ಯ ನೆತ್ತಿ ಮೇಲಿದ್ದ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಅಷ್ಟೊತ್ತಿಗೆ ಅದು ಹೋಗಿತ್ತು. ಅವಳ ಅತ್ತೆ, ಎತ್ತರದ ಗಟ್ಟಿ ಹೆಂಗಸು, ನನ್ನನ್ನ ಒಂದು ಮಾತು ಅನ್ನಲಿಲ್ಲ. ಚೊಂಬಲ್ಲಿ ಮಜ್ಜಿಗೆ ತಂದು "ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀಯಮ್ಮ, ಕುಡಿ" ಅಂದ್ಲು. ಬೈದಿದ್ರೆ ವಾಸಿಯಾಗಿತ್ತು.

ಹೊರಡುವಾಗ ಹುಡುಗಿ ಕೇಳಿದ್ಲು, "ಅಕ್ಕಾ, ನೀನು ಬೇಗ ಬಂದಿದ್ರೆ ಉಳೀತಿತ್ತಾ?"

ಸುಳ್ಳು ಹೇಳಬೇಕಾಗಿತ್ತು. ಬಾಯಿಗೆ ಬರಲಿಲ್ಲ. "ಉಳೀತಿತ್ತೇನೋ" ಅಂದೆ.

"ಹಂಗಾದ್ರೆ ಮುಂದಿನ ಸಲ ಬೇಗ ಬಾ."

ಮನೆಗೆ ಬಂದವಳೇ ಚಪ್ಪಲಿ ಬಿಡೋಕೆ ಮುಂಚೆ ಹೇಳಿದೆ. "ರೀ, ಒಂದು ಮೋಟರ್ ಸೈಕಲ್ ತಗೋಬೇಕು. ಟಾರಲ್ಲೂ ಓಡಬೇಕು, ಬೆಟ್ಟಾನೂ ಹತ್ತಬೇಕು. ನೀವು ಹೊಡೀಬೇಕು, ನಾನು ಹಿಂದೆ ಕೂರ್ತೀನಿ."

ನಮ್ಮ ಯಜಮಾನರ ಮುಖ ಅರಳಿದ್ದು ನೋಡಬೇಕಿತ್ತು! ಮದುವೆ ದಿನವೂ ಅಷ್ಟು ಅರಳಿರಲಿಲ್ಲ. ಅವರಿಗೆ ಹದಿನಾರನೇ ವಯಸ್ಸಿಂದ ಬುಲೆಟ್ ಹುಚ್ಚು. "ಬುಲೆಟ್ಟೇ ಸರಿ ಕಣೇ" ಅಂದ್ರು. "ಅದರ ಗತ್ತೇ ಬೇರೆ. ಶಬ್ದ ಕೇಳಿದ್ರೆ ಸಾಕು, ಯಾರು ಬಂದ್ರು ಅಂತ ಇಡೀ ಊರಿಗೆ ಗೊತ್ತಾಗುತ್ತೆ."

"ಶಬ್ದ ಇಟ್ಕೊಂಡು ಏನ್ರೀ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?" ಅಂದೆ. ಹೌದು, ಇದೇ ಮಾತು ಅಂದೆ. ನಾನು ಅಂದಿದ್ದರಲ್ಲಿ ನನಗೆ ಇಷ್ಟು ಚೆನ್ನಾಗಿ ನೆನಪಿರೋ ಮಾತು ಇನ್ನೊಂದಿಲ್ಲ.

ಆದ್ರೂ ಪರೀಕ್ಷೆ ಮಾಡದೆ ಬಿಡಬಾರದು ಅಂತ ಮುಳಬಾಗಿಲಿನ ಒಬ್ಬ ಸಾಹುಕಾರರ ಬುಲೆಟ್ಟನ್ನ ಭಾನುವಾರಕ್ಕೆ ಕೇಳಿ ತಂದ್ವಿ. ಟಾರು ರೋಡಲ್ಲಿ ಅದು ರಾಜ. ಕಣ್ಣು ಮುಚ್ಕೊಂಡು ಕೂತ್ಕೋಬಹುದು, ಉಯ್ಯಾಲೆ. ಬೆಟ್ಟದ ಎರಡನೇ ತಿರುವಲ್ಲಿ ಉಸಿರು ನಿಲ್ತು. ಹಿಂದಕ್ಕೆ ಜಾರ್ತು, ವಾಲ್ತು, ನಾವಿಬ್ಬರೂ ಒಂದು ಕಡೆ, ಅದು ಒಂದು ಕಡೆ. ಯಜಮಾನರ ಕಾಲಿಗೆ ಸೈಲೆನ್ಸರ್ ತಗುಲಿ ಬೊಬ್ಬೆ ಎದ್ದಿತು. ಎತ್ತೋಣ ಅಂದ್ರೆ ಇಬ್ಬರಿಂದಲೂ ಆಗಲಿಲ್ಲ. ಕುರಿ ಕಾಯೋನೊಬ್ಬ ಬಂಡೆ ಮೇಲೆ ಕೂತು ಎಲ್ಲಾ ನೋಡಿ, ನಿಧಾನಕ್ಕೆ ಇಳಿದು ಬಂದು, "ಸಾರೂ, ಇದನ್ನ ನೀವು ಸಾಕಿದ್ದೀರೋ, ಇದು ನಿಮ್ಮನ್ನ ಸಾಕ್ತಿದೆಯೋ?" ಅಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ದಾರಿಯುದ್ದಕ್ಕೂ ನಾನೂ ಆಡ್ಕೊಂಡೆ.

ಎರಡನೇದು ಮಾಲೂರಿನಲ್ಲಿದ್ದ ನಮ್ಮಣ್ಣನ ಗಾಡಿ. ಎರಡು ಸೈಲೆನ್ಸರಿಂದು, ಕಾಲೇಜು ಹುಡುಗರು ಸಾಯೋರು ಅದಕ್ಕೆ. ಎಳೆತ ಚೆನ್ನಾಗೇ ಇತ್ತು. ಆದ್ರೆ ಎರಡು ಸೈಲೆನ್ಸರೂ ಎರಡು ಕಡೆ ನೆಲ ಮುಟ್ಟೋ ಹಾಗೆ ಮಲಗಿದ್ವು. ಮೊದಲನೇ ಗುಂಡುಕಲ್ಲಿಗೇ ಎಡಗಡೆದು ಲಟಕ್ ಅಂತು, ಮೂರನೇದಕ್ಕೆ ಬಲಗಡೆದು. ನಮ್ಮಣ್ಣ ಆ ನೆಗ್ಗು ನೋಡಿ ನಮ್ಮ ಹತ್ರ ಯುಗಾದಿವರೆಗೂ ಮಾತು ಬಿಟ್ಟ.

ಕೊನೆಗೆ ದಾರಿ ತೋರಿಸಿದ್ದು ಮುಳಬಾಗಿಲು ಬಸ್ ಸ್ಟ್ಯಾಂಡ್ ಹಿಂದೆ ಗಾಡಿ ರಿಪೇರಿ ಮಾಡ್ತಿದ್ದ ವಯಸ್ಸಾದ ಸಾಬರು. ನಮ್ಮ ಕಥೆ ಪೂರ್ತಿ ಕೇಳಿ, ಬೀಡಿ ಆರಿಸಿ ಹೇಳಿದ್ರು: "ಬೆಟ್ಟಕ್ಕೆ ಕುದುರೆ ಯಾಕಮ್ಮಾ? ಕತ್ತೆ ತಗೊಳ್ಳಿ. ನೋಡೋಕೆ ಚೆನ್ನಾಗಿರಲ್ಲ, ಆದ್ರೆ ಮೇಲೆ ಹೋಗಿ ಮುಟ್ಟುತ್ತೆ." ಅವರು ಹೇಳಿದ ಕತ್ತೆ ಯಾವುದಪ್ಪಾ ಅಂದ್ರೆ ಹಾಲಿನವರ ಗಾಡಿ. ಎರಡೂ ಕಡೆ ಕ್ಯಾನು ಕಟ್ಕೊಂಡು ಡೈರಿಗೆ ಓಡಾಡೋ ಗಾಡಿ. ಸಣಕಲು ಮೈ, ಎತ್ತರದ ಹೊಟ್ಟೆ, ಮೂರೇ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹುಯ್ಯಬೇಕು, ಹಿಂದೆ ನೀಲಿ ಹೊಗೆ. ವೇಮಗಲ್ಲಿನ ಹಾಲಿನವರ ಹತ್ರ ಒಂದು ಹಳೇದಿದೆ ಅಂತ ಅವರೇ ಹೋಗಿ ನೋಡಿ ತಂದ್ರು. ಹಿಂದಿನ ಗಾಲಿಗೆ ಚೈನ್ ಎಳೆಯೋ ಹಲ್ಲಿನ ಚಕ್ರ ತೆಗೆದು ದೊಡ್ಡದು ಹಾಕಿದ್ರು, ಓಟ ಕಮ್ಮಿ ಆದ್ರೂ ಎಳೆತ ಬರ್ಲಿ ಅಂತ. ದಪ್ಪ ಹಲ್ಲಿನ ಟೈರು. ಕ್ಯಾನು ಕಟ್ಟೋ ಕಂಬಿ ಒಂದು ಕಡೆ ಬಿಚ್ಚದೆ ಹಾಗೇ ಬಿಟ್ರು, ನನ್ನ ಹೆರಿಗೆ ಪೆಟ್ಟಿಗೆಗೆ.

ಹತ್ತಿಸಿ ನೋಡಿದ್ವಿ. ಮೇಕೆ ಹತ್ತಿದ ಹಾಗೆ ಹತ್ತಿತು. ಒಂದು ಕಡೆ ಬೇಕು ಅಂತಲೇ ಬೀಳಿಸಿದೆ, ನಾನೊಬ್ಬಳೇ ಸೆರಗು ಸಿಗಿಸಿ ಎತ್ತಿ ನಿಲ್ಲಿಸಿದೆ. "ಇದೇ" ಅಂದೆ.

"ನನ್ನನ್ನ ಹಾಲಿನವನು ಅಂತಾರೆ ಕಣೇ."

"ಅನ್ಲಿ ಬಿಡ್ರೀ. ಹಾಲಿಗೆ ನೀರು ಹಾಕಲ್ವಲ್ಲ ನೀವು."

ಅಂದ್ರು ಕೂಡ. "ಮೇಷ್ಟ್ರೇ, ಅರ್ಧ ಸೇರು" ಅಂತ ಚೊಂಬು ಹಿಡ್ಕೊಂಡು ರೋಡಿಗೆ ಬರೋರು. ಪಾಪ, ಮೂರು ತಿಂಗಳು ಮುಖ ಊದಿಸ್ಕೊಂಡೇ ಓಡಿಸಿದ್ರು. ನನ್ನ ಎರಡು ಬಳೆ ಅದಕ್ಕೆ ಹೋಗಿದ್ರಿಂದ ಬಾಯಿ ಬಿಡೋ ಹಾಗಿರಲಿಲ್ಲ.

ಬೆಟ್ಟದ ಬುಡದಲ್ಲಿ ಗಾಡಿ ಮೊದಲನೇ ಗೇರಿಗೆ ಬಿದ್ರೆ ಆ ಶಬ್ದ ಬಂಡೆಗಳಿಗೆ ಬಡಿದು ನಮಗಿಂತ ಅರ್ಧ ಗಂಟೆ ಮುಂಚೆ ಮೇಲಿನ ಊರು ಸೇರ್ತಿತ್ತು. ಅದನ್ನ ಕಂಡು ನಾನೇ ಒಂದು ಕಟ್ಟಳೆ ಮಾಡಿದೆ. "ಗಾಡಿ ಶಬ್ದ ಕಿವಿಗೆ ಬಿದ್ದ ತಕ್ಷಣ ಹಂಡೆಗೆ ಬೆಂಕಿ ಹಾಕಿ. ನಾನು ಬರೋ ಹೊತ್ತಿಗೆ ನೀರು ಕುದೀತಿರಬೇಕು." ಹೆಂಗಸರು ಅದನ್ನ ದೇವರ ಅಪ್ಪಣೆ ಥರ ಪಾಲಿಸಿದ್ರು. ನಾಲ್ಕು ಹೆರಿಗೆ ಆಯ್ತು ಆ ಊರಲ್ಲಿ. ನಾಲ್ಕೂ ಕೂಸು ಉಳಿದ್ವು. ನನಗೆ ಕೊಂಬು ಬಂತು. ಯಾರಾದ್ರೂ ಕೇಳಿದ್ರೆ ಸಾಕು, ಗಾಡಿ ಆರಿಸಿದ್ದು ಹೇಗೆ ಅಂತ ಮೊದಲಿಂದ ಶುರು ಮಾಡ್ತಿದ್ದೆ.

ಆ ಹುಡುಗಿ ಮತ್ತೆ ಬಸುರಾದ್ಲು. ಏಳು ತಿಂಗಳಾದಾಗ "ತವರಿಗೆ ಹೋಗೇ, ಅಲ್ಲಿಂದ ಕೋಲಾರದ ದೊಡ್ಡಾಸ್ಪತ್ರೆ ಹತ್ರ" ಅಂದೆ.

"ಯಾಕಕ್ಕಾ? ಗಾಡಿ ಇದೆಯಲ್ಲ" ಅಂದ್ಲು.

ಗದರಬೇಕಾಗಿತ್ತು. ಕೆನ್ನೆಗೆರಡು ಕೊಟ್ಟಾದ್ರೂ ಕಳಿಸಬೇಕಾಗಿತ್ತು. ಹೊಗಳಿಕೆ ಕೇಳಿದವಳ ಹಾಗೆ ಹಲ್ಲು ಬಿಟ್ಟೆ. "ಆಯ್ತು ಬಿಡು. ಗಾಡಿ ಶಬ್ದ ಕೇಳಿಸ್ತು ಅಂದ್ರೆ ನಾನು ಬಂದೆ ಅಂತಲೇ ತಿಳ್ಕೋ. ಆಮೇಲೆ ನಿನಗೆ ಭಯ ಇಲ್ಲ." ಅವಳ ಅತ್ತೆಗೆ ಮಾತ್ರ ಹೇಳಿದ್ದೆ: "ನಾನು ಸಿಗದೇ ಹೋದ್ರೆ ಕಾಯಬೇಡಿ. ಬಂಡಿ ಕಟ್ಟಿ ರೋಡಿಗೆ ಇಳಿಸಿ, ಬಸ್ಸೋ ಲಾರಿಯೋ ಸಿಗುತ್ತೆ, ಆಸ್ಪತ್ರೆಗೆ ಹೋಗಿ."

ಮಾವು ಕೀಳೋ ಕಾಲದಲ್ಲಿ ಅವಳಿಗೆ ದಿನ ತುಂಬಿತು. ಆ ದಿನ ಬೆಳಕು ಹರಿಯೋ ಮುಂಚೆಯೇ ನಾನೂ ಯಜಮಾನರೂ ಕೆಳಗಿನ ಇನ್ನೊಂದು ಹಳ್ಳಿಗೆ ಹೆರಿಗೆಗೆ ಹೋಗಿದ್ವಿ. ಅವಳ ಗಂಡ ನಮ್ಮನೆಗೆ ಓಡಿ ಬಂದು, ಬೀಗ ನೋಡಿ, ವಿಚಾರಿಸ್ಕೊಂಡು ನಾವಿದ್ದಲ್ಲಿಗೆ ಬರೋ ಹೊತ್ತಿಗೆ ಹನ್ನೊಂದು ಗಂಟೆ. ಇಲ್ಲಿನ ಹೆರಿಗೆ ಆಗ ತಾನೇ ಮುಗಿದಿತ್ತು. ಕೈ ತೊಳೆದು ಹೊರಟೆ. ಅವನನ್ನ ಹಿಂದೆ ನಡ್ಕೊಂಡು ಬಾ ಅಂತ ಬಿಟ್ವಿ. ಮಾವಿನ ತೋಪಿನ ಹತ್ರ ಬಂದಾಗ ಮರದ ಕೆಳಗೆ ನಮ್ಮದರ ಥರದ್ದೇ ಒಂದು ಗಾಡಿ ನಿಂತಿತ್ತು. ಶ್ರೀನಿವಾಸಪುರದಿಂದ ತೋಪು ಗುತ್ತಿಗೆ ನೋಡೋಕೆ ಬಂದ ಇಬ್ಬರು ಹಣ್ಣು ಕೊಯ್ದು ರುಚಿ ನೋಡ್ತಾ ಕೂತಿದ್ರು. ನಾನು ಆ ಗಾಡಿ ನೋಡಿದೆ. ನೋಡಿ ನನಗೆ ಏನೂ ಅನಿಸಲಿಲ್ಲ.

ಎರಡನೇ ತಿರುವಲ್ಲಿ ಮೇಲಿಂದ ಬಂಡಿ ಇಳಿದು ಬರ್ತಿತ್ತು. ಮುಂದೆ ಎತ್ತು ಹಿಡ್ಕೊಂಡು ಅವಳ ಮೈದುನ. ಪಕ್ಕದಲ್ಲಿ ಅವಳ ಅತ್ತೆ ನಡೀತಾ ಇದ್ದಳು, ಎದೆಗೆ ಒಂದು ಬಟ್ಟೆ ಗಂಟು ಅವಚಿಕೊಂಡು. ಗಂಟು ಅಳ್ತಾ ಇತ್ತು. ಕೂಸು ಹುಟ್ಟಿದೆ, ಉಸಿರಾಡ್ತಿದೆ ಅಂತ ಒಂದು ಗಳಿಗೆ ಸಂತೋಷ ಆಗಿಹೋಯ್ತು ನನಗೆ. ಆ ಒಂದು ಗಳಿಗೆಗೆ ನನ್ನನ್ನ ನಾನು ಕ್ಷಮಿಸಿಲ್ಲ. ಬಂಡಿ ಹತ್ತಿ ಕಂಬಳಿ ಸರಿಸಿದೆ. ಹಾಸಿದ್ದ ಹುಲ್ಲು ಒದ್ದೆಯಾಗಿ ಕಪ್ಪಾಗಿತ್ತು. ಅವಳ ಕೈ ಹಿಡಿದೆ. ತಣ್ಣಗಿತ್ತು. ರಕ್ತ ನಿಲ್ಲಿಸೋ ಇಂಜೆಕ್ಷನ್ ನನ್ನ ಪೆಟ್ಟಿಗೇಲಿತ್ತು. ಇತ್ತು, ಅಷ್ಟೆ.

ಅತ್ತೆ ನನ್ನನ್ನೇ ನೋಡ್ತಾ ಕೇಳಿದ್ಲು, "ಇಷ್ಟು ಹೊತ್ತು ಕೆಳಗೆ ಏನ್ ಮಾಡ್ತಿದ್ದೆ?"

"ಈಗ ಬಂದೆ ಕಣಮ್ಮಾ. ಈಗ ಬರ್ತಾ ಇದ್ದೀನಿ."

"ಇಲ್ಲ. ಬೆಳಗ್ಗೇನೇ ಬಂದೆ. ನಾವು ಕೇಳಿಸ್ಕೊಂಡ್ವಿ."

ಬೆಳಗ್ಗೆ ಮಗನನ್ನ ನನ್ನ ಹತ್ರ ಓಡಿಸಿದ ಮೇಲೆ, ಯಾವುದಕ್ಕೂ ಇರ್ಲಿ ಅಂತ ಅವರು ನಾನು ಹೇಳಿದ ಹಾಗೇ ಬಂಡಿ ಕಟ್ಟಿದ್ರಂತೆ. ಹುಲ್ಲು ಹಾಸಿ ಅವಳನ್ನ ಮಲಗಿಸಿದ್ರಂತೆ. ಬಂಡಿ ಊರು ಬಿಡ್ತಾ ಇರುವಾಗ ಕೆಳಗಿನಿಂದ ಶಬ್ದ ಬಂತು. ಅವಳೇ ಎದ್ದು ಕೂತ್ಲಂತೆ. ನೋವಲ್ಲೂ ನಗಾಡಿದ್ಲಂತೆ. "ಬಂಡಿ ವದ್ದತ್ತಾ. ಅಕ್ಕ ವಚ್ಚಿಂದಿ." ಬಂಡಿ ಬೇಡ ಅತ್ತೆ, ಅಕ್ಕ ಬಂದ್ಲು. ಅತ್ತೆಗೆ ಯಾಕೋ ಮನಸ್ಸಿರಲಿಲ್ಲ, ಬಂಡೀಲೇ ಕೆಳಕ್ಕೆ ಹೋಗೋಣ ಅಂದ್ಲಂತೆ. ಹುಡುಗಿ ಕೇಳಲಿಲ್ಲ. ಹಟ ಹಿಡಿದು ಬಂಡಿಯಿಂದ ಇಳಿದ್ಲು. ಎತ್ತು ಬಿಚ್ಚಿದ್ರು. ಹಂಡೆಗೆ ಬೆಂಕಿ ಹಾಕಿದ್ರು. ನೀರು ಕುದೀತು, ಇಂಗಿತು, ಮತ್ತೆ ಹುಯ್ದರು. ಮಗು ಹುಟ್ಟಿತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. "ಬಂದ್ಲು, ಇನ್ನೇನು ಬಂದ್ಲು" ಅಂತ ಅವಳೇ ಎಲ್ಲರಿಗೂ ಧೈರ್ಯ ಹೇಳ್ತಾ ಇದ್ದಳಂತೆ. ಅವಳ ಬಾಯಿ ನಿಂತ ಮೇಲೆ ಮತ್ತೆ ಬಂಡಿ ಕಟ್ಟಿದ್ರು.

ಕೆಳಗಿನ ತೋಪಿಗೆ ಬಂದ ಗಾಡಿ ಅದು, ನಂದಲ್ಲ ಅಂತ ಅಲ್ಲೇ ಹೇಳಿದೆ. ಯಜಮಾನರು ಆಣೆ ಇಟ್ಟು ಹೇಳಿದ್ರು. ಅವರು ನಂಬಿದ್ರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಂಡಿ ತಿರುಗಿಸೋಕೆ ಅಲ್ಲಿ ಜಾಗ ಇರ್ಲಿಲ್ಲ. ಎತ್ತು ಬಿಚ್ಚಿ, ಮೈದುನ, ಯಜಮಾನರು, ಕುರಿ ಕಾಯೋರು ಇಬ್ಬರು, ಎಲ್ಲಾ ಸೇರಿ ಬಂಡೀನ ಎತ್ತಿ ತಿರುಗಿಸಿದ್ರು, ಅವಳು ಅದರಲ್ಲಿರುವಾಗಲೇ.

ಒಂದು ವಾರ ಮನೇಲಿ ಒಲೆ ಸರಿಯಾಗಿ ಉರೀಲಿಲ್ಲ. ಒಂದು ಸಂಜೆ ಯಜಮಾನರು ಮುಳಬಾಗಿಲು ಸಂತೆಯಿಂದ ದನದ ಕೊರಳಿಗೆ ಕಟ್ಟೋ ಗೆಜ್ಜೆ ಪಟ್ಟಿ ತಂದು ಗಾಡಿಯ ಹ್ಯಾಂಡಲ್ಲಿಗೆ ಕಟ್ತಾ ಕೂತಿದ್ರು. ನಮ್ಮದು ಅಂತ ಗುರುತು ಸಿಗಲಿ ಅಂತ. ಹೋಗಿ ಕಿತ್ತು ಬೀದಿಗೆ ಬಿಸಾಕಿದೆ. ಅವರು ಕೋಪ ಮಾಡ್ಕೊಳ್ಳಲಿಲ್ಲ. ಗೆಜ್ಜೆ ಆರಿಸ್ಕೊಂಡು ಬಂದು, ಮೆಲ್ಲಗೆ, ಅದರಲ್ಲಿ ಗೆದ್ದೆ ಅನ್ನೋ ಭಾವ ಚೂರೂ ಇಲ್ಲದೆ ಕೇಳಿದ್ರು, "ಬುಲೆಟ್ ತಗೊಳ್ಳೋಣ್ವಾ?"

"ಅದು ಹತ್ತಲ್ಲ ರೀ" ಅಂದೆ. ಇಬ್ಬರೂ ಅತ್ತುಬಿಟ್ವಿ.

ಎರಡು ತಿಂಗಳು ನಾನು ಆ ಬೆಟ್ಟಕ್ಕೆ ನಡೆದೇ ಹೋದೆ. ಹಾಗೆ ನಡೆದು ಹೋದಾಗ ಒಂದು ದಿನ ಅತ್ತೆ ಕೂಸು ಎತ್ಕೊಂಡು ಎದುರಿಗೆ ಬಂದ್ಲು. ಹೆಣ್ಣುಕೂಸು, ಮೇಕೆ ಹಾಲಲ್ಲಿ ಬೆಳೀತಿತ್ತು. ನನ್ನ ಧೂಳು ಹಿಡಿದ ಕಾಲು ನೋಡಿ, "ಗಾಡಿ ಎಲ್ಲಿ?" ಅಂದ್ಲು.

"ತರಲಿಲ್ಲ."

"ಪಕ್ಕದ ಮನೇವಳಿಗೆ ಆರು ತಿಂಗಳು. ಅವಳಿಗೂ ನಡ್ಕೊಂಡೇ ಬರ್ತೀಯಾ?"

ಮುಂದಿನ ಸಲ ಗಾಡೀಲಿ ಹೋದ್ವಿ. ಊರು ಮುಟ್ಟಿದಾಗ ಅವರ ಮನೆ ಮುಂದೆ ಬಂಡಿ ಕಟ್ಟಿ ನಿಂತಿತ್ತು. ಎತ್ತುಗಳ ಹೆಗಲ ಮೇಲೆ ನೊಗ, ಬಂಡೀಲಿ ಹೊಸ ಹುಲ್ಲು. ಎಲ್ಲೋ ಹೊರಟಿದ್ದಾರೆ ಅಂದ್ಕೊಂಡೆ. ಅತ್ತೆ ಜಗಲಿ ಮೇಲಿಂದ ನನ್ನ ಮುಖ ನೋಡಿದ್ಲು, ಮಗನಿಗೆ ತಲೆ ಆಡಿಸಿದ್ಲು. ಅವನು ಎತ್ತು ಬಿಚ್ಚಿದ. ಅದರ ಮುಂದಿನ ಸಲವೂ ಹಾಗೇ. ಮೂರನೇ ಸಲ ತಡೀಲಾರದೆ ಕೇಳಿದೆ.

"ಶಬ್ದ ಕೇಳಿಸಿದ್ರೆ ಕಟ್ತೀವಿ" ಅಂದ್ಲು. "ನಿನ್ನ ಮುಖ ಕಂಡ್ರೆ ಬಿಚ್ತೀವಿ."

ಕೊಂಕಾಗಿ ಅಂದದ್ದಲ್ಲ. ಹೊಲಕ್ಕೆ ಯಾವಾಗ ಬಿತ್ತನೆ ಅಂತ ಹೇಳಿದ ಹಾಗೆ ಹೇಳಿದ್ಲು. ಆಮೇಲೆ ಬಸುರಿ ಇರೋ ಮನೆ ಯಾವುದೋ ಆ ಮನೆ ಮುಂದೆ ಕಟ್ಟೋಕೆ ಶುರು ಮಾಡಿದ್ರು. ಬಸುರಿ ಯಾರೂ ಇಲ್ಲದ ದಿನ ಈ ಅತ್ತೆ ಮನೆ ಮುಂದೆ. ನನಗೆ ವರ್ಗ ಆಗೋವರೆಗೆ, ಎಂಬತ್ತರ ದಶಕ ಅರ್ಧ ಕಳೆಯೋವರೆಗೆ, ಒಂದು ಸಲವೂ ತಪ್ಪಿಸಲಿಲ್ಲ. ಬರೀ ಮಕ್ಕಳಿಗೆ ಚುಚ್ಚುಮದ್ದು ಹಾಕೋಕೆ ಹೋದ ದಿನವೂ ಅಷ್ಟೆ. ನನಗೆ ಒಂದೊಂದು ಸಲ ಸಿಟ್ಟು ಬರ್ತಿತ್ತು, ಇನ್ನೂ ಎಷ್ಟು ವರ್ಷ ಶಿಕ್ಷೆ ಕೊಡ್ತೀರಿ ಅಂತ ಕೂಗಬೇಕು ಅನಿಸ್ತಿತ್ತು. ಆದ್ರೆ ಅವರು ಮಾಡ್ತಿದ್ದುದು ಸರಿ. ಆ ಊರಲ್ಲಿ ಆಮೇಲೆ ಯಾವ ಬಾಣಂತಿಯೂ ಸಾಯಲಿಲ್ಲ.

ಎತ್ತುಗಳು ಬಿಸಿಲಲ್ಲಿ ಸುಮ್ಮನೆ ನಿಲ್ಲೋದು ಬೇಡ ಅಂತ, ಕೊನೇ ತಿರುವು ಬರ್ತಾ ಇದ್ದ ಹಾಗೆ ನಾನು ತಲೆ ಮೇಲಿನ ಸೆರಗು ತೆಗೆದು, ಯಜಮಾನರ ಹೆಗಲ ಪಕ್ಕಕ್ಕೆ ಬಾಗಿ, ಅವರಿಗೆಲ್ಲ ಕಾಣೋ ಹಾಗೆ ಮುಖ ಎತ್ತಿ ಕೂತ್ಕೋತಿದ್ದೆ.